ಬೀಳೋ ಹಲ್ಲಿಗೆ ಯಾಕ ಚಿಂತಿ?

ಕಳೆದ ದಸರಾ ರಜೆಗೆ ನನ್ನ ಮಗಳು ತನ್ನ ಆರು ವರ್ಷದ ಕೂಸನ್ನು ಕರೆದುಕೊಂಡು ಆಳಂದಕ್ಕೆ ಬಂದಿದ್ದಳು. ಬಂದ ಮೂರನೆಯ ದಿನವೇ ಮೊಮ್ಮಗಳು ಜೋಳದ ರೊಟ್ಟಿ ಕಡಿಯುವಾಗ ಮುಂದಿನ ಹಲ್ಲೊಂದು ಕೈಗೆ ಬಂತು. ಮನೆಯಲ್ಲಿ ಹಬ್ಬದ ಮೇಲೊಂದು ಹಬ್ಬವಾಯಿತು. ಎಂಬತ್ತರ ಹತ್ತಿರ ಬಂದಿರುವ ನನ್ನ ಅವ್ವ ಗೋಡೆ ಹಿಡಿದುಕೊಂಡು ಎದ್ದುಬಂದು, ಸಗಣಿಯ ಪುಟ್ಟ ಉಂಡೆ ಮಾಡಿಸಿ, ಅದರೊಳಗೆ ಹಲ್ಲನ್ನು ಇಡಿಸಿ, ಕೂಸಿನ ಕೈಯಿಂದಲೇ ಮಾಳಿಗೆಯ ಮೇಲೆ ಎಸೆಸಿದಳು. ಕೂಸು ಕುಣಿಯಿತು. ಎಲ್ಲರೂ ಅದರ ಬೊಚ್ಚು ಬಾಯಿ ನೋಡಿ ನಕ್ಕೆವು.

ನಾನು ಮಾತ್ರ, "ಎಲ್ಲಿ, ಬಾಯಿ ಪೂರ್ತಿ ತೆಗಿ, ಹಿಂದಿನ ದವಡಿ ನೋಡ್ತೀನಿ" ಎಂದೆ.

"ಅಯ್ಯ, ಹಾಲಹಲ್ಲ ಅವ. ಬೀಳೋ ಹಲ್ಲಿಗೆ ಯಾಕ ಚಿಂತಿ ಮಾಡ್ತಿ?" ಎಂದಳು ಅವ್ವ.

ಆ ಮಾತು ಕೇಳಿದ್ದೇ ತಡ, ನನ್ನ ಮಗಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಅಫಜಲಪುರ, ಜೇವರ್ಗಿ, ಆಳಂದ ಈ ಮೂರು ಊರುಗಳ ನೀರು ಕುಡಿದ ನಾನು, ಈ ಮೂರೂ ಕಡೆ ಮಕ್ಕಳ ಹಲ್ಲಿನ ವಿಷಯದಲ್ಲಿ ಏನು ಕಂಡೆ, ಏನು ಕಲಿತೆ ಎಂಬುದನ್ನು ಹೇಳಬೇಕೆನಿಸಿದೆ. ರಾಜಮಹಾರಾಜರ ಇತಿಹಾಸವನ್ನು ಮಕ್ಕಳಿಗೆ ಪಾಠ ಮಾಡಿ ಮಾಡಿ ನನಗೆ ಸಾಕಾಗಿದೆ. ಬಾಯೊಳಗಿನ ಹಲ್ಲಿಗೂ ಒಂದು ಇತಿಹಾಸವಿದೆ ಎಂದು ನನಗೆ ಗೊತ್ತಾದದ್ದು ತಡವಾಗಿ.

ನಾನು ಹುಟ್ಟಿ ಬೆಳೆದದ್ದು ಅಫಜಲಪುರ ತಾಲೂಕಿನ, ಭೀಮಾ ನದಿಯ ದಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. 1970ರ ದಶಕದ ಮಾತು. ಬೆಳಿಗ್ಗೆ ಎದ್ದ ಕೂಡಲೇ ಆಯಿ ನಮ್ಮ ಕೈಗೆ ಜಾಲಿಯ ಕಡ್ಡಿಯನ್ನೋ ಬೇವಿನ ಕಡ್ಡಿಯನ್ನೋ ಕೊಡುತ್ತಿದ್ದಳು. ತುದಿಯನ್ನು ಜಗಿದು ಎಳೆ ಎಳೆ ಮಾಡಿಕೊಂಡು ಹಲ್ಲು ತಿಕ್ಕಬೇಕು. ಕೊನೆಗೆ ಅದೇ ಕಡ್ಡಿಯನ್ನು ಎರಡಾಗಿ ಸೀಳಿ ನಾಲಿಗೆ ಕೆರೆದುಕೊಳ್ಳಬೇಕು. ಕಡ್ಡಿ ಇಲ್ಲದ ದಿನ ಒಲೆಯ ಬೂದಿ, ಇಲ್ಲವೇ ಇದ್ದಲಿಪುಡಿ ಮತ್ತು ಉಪ್ಪು. ಸುಶ್ರುತ ಸಂಹಿತೆಯಲ್ಲಿ ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕೆಂದು ಹೇಳಿದೆಯಂತೆ. ಆಯಿಗೆ ಸುಶ್ರುತನ ಹೆಸರು ಗೊತ್ತಿರಲಿಲ್ಲ. ಆದರೆ ಅವಳು ಮುರಿದು ಕೊಡುತ್ತಿದ್ದ ಕಡ್ಡಿ ಹೆಚ್ಚೂಕಡಿಮೆ ಅಷ್ಟೇ ಇರುತ್ತಿತ್ತು. ನಮ್ಮ ಓಣಿಯ ಮುಸಲ್ಮಾನರ ಮನೆಗಳಲ್ಲಿ ಮಿಸ್ವಾಕ್ ಕಡ್ಡಿ. ನಮಾಜಿಗೆ ಮುಂಚೆ ಅದರಿಂದ ಬಾಯಿ ಸ್ವಚ್ಛ ಮಾಡಿಕೊಳ್ಳುವುದು ಅವರಲ್ಲಿ ಪುಣ್ಯದ ಕೆಲಸ. ಕಡ್ಡಿ ಬೇರೆ ಬೇರೆ, ಆದರೆ ದಿನ ಬೆಳಗಾದರೆ ಬಾಯಿ ತೊಳೆಯದೆ ತುತ್ತು ಎತ್ತಬಾರದೆಂಬ ಶಿಸ್ತು ಒಂದೇ.

ಹಲ್ಲುಪುಡಿಯ ಪೊಟ್ಟಣ ನಮ್ಮ ಹಳ್ಳಿಗೆ ಬಂದದ್ದು ಆಮೇಲೆ. ಹಳೆ ಮೈಸೂರಿನ ಕಡೆ ಅದು ಬಹಳ ಮೊದಲೇ ಮನೆಮಾತಾಗಿತ್ತು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದದ್ದು 1913ರಲ್ಲಿ. ಸುಟ್ಟ ಭತ್ತದ ಹೊಟ್ಟಿನಿಂದ ತಯಾರಾಗುತ್ತಿದ್ದ ನಂಜನಗೂಡು ಹಲ್ಲುಪುಡಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. ವಿಚಿತ್ರವೆಂದರೆ ಅದೇ 1913ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಹಲ್ಲು ಕೀಳುವುದನ್ನಲ್ಲ, ಹಲ್ಲು ಕೆಡದಂತೆ ನೋಡಿಕೊಳ್ಳುವುದನ್ನು ಕಲಿಸುವ ಶಾಲೆ ಪ್ರಾರಂಭಿಸಿದರು. ಕಲಿತ ಆ ಹೆಣ್ಣುಮಕ್ಕಳು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿ ಮಾಡಿ, ಉಜ್ಜುವ ರೀತಿ ತೋರಿಸಿದರು. ಮಕ್ಕಳ ಹಲ್ಲನ್ನು ಮೊದಲೇ ಕಾಯಬಹುದು, ಕಾಯುವ ಜಾಗ ಆಸ್ಪತ್ರೆಗಿಂತ ಹೆಚ್ಚಾಗಿ ಶಾಲೆ ಮತ್ತು ಮನೆ, ಎಂಬ ಮಾತಿಗೆ ಹೀಗೆ ನೂರು ವರ್ಷ ದಾಟಿದೆ. ಅದನ್ನು ಮಾಡಿ ತೋರಿಸಿದವರು ಹೆಂಗಸರು ಎಂಬುದನ್ನು ನಾವು ಮರೆಯಬಾರದು.

ನಮ್ಮ ದೇಶದಲ್ಲಿ ಮೊದಲ ದಂತ ವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲಕತ್ತೆಯಲ್ಲಿ ಡಾ. ರಫೀವುದ್ದೀನ್ ಅಹಮದ್ ಅವರು ಕಟ್ಟಿದರು. ಅದಕ್ಕೆ ಹಣ ಹೊಂದಿಸಲು ಅವರು ನಡೆಸಿದ್ದು ಒಂದು ಸೋಡಾ ಅಂಗಡಿ! ಸಿಹಿ ಮಾರಿದ ದುಡ್ಡಿನಿಂದ ಹಲ್ಲಿನ ವಿದ್ಯೆ ಬೆಳೆಯಿತೆಂದು ನಗು ಬರುತ್ತದೆ. ಆದರೆ ಆ ವಿದ್ಯೆ ನಮ್ಮ ಕಡೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. 1948ರವರೆಗೆ ನಾವು ನಿಜಾಮರ ಸೀಮೆಯವರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯವರು ದಂತ ವೈದ್ಯಕೀಯ ಕಾಲೇಜು ತೆರೆದದ್ದು 1980ರ ದಶಕದಲ್ಲಿ. ಅಲ್ಲಿಯವರೆಗೆ ನಮ್ಮ ಹಳ್ಳಿಯವರಿಗೆ ಹಲ್ಲಿನ ಡಾಕ್ಟರೆಂದರೆ ಜಾತ್ರೆಯಲ್ಲಿ ಚಾಪೆ ಹಾಸಿ, ಕಿತ್ತ ಹಲ್ಲುಗಳನ್ನೇ ಸರದಂತೆ ಮುಂದೆ ಹರಡಿಕೊಂಡು ಕೂತವನು. ಗಾಣಗಾಪುರದ ದತ್ತನ ದರ್ಶನಕ್ಕೆ ಹೋದಾಗ ಅಂಥವನೊಬ್ಬನ ಮುಂದೆ ನಮ್ಮ ಮುತ್ಯಾ ಕೂತು, ಕಣ್ಣೀರು ಸುರಿಸುತ್ತಾ ಹಲ್ಲು ಕೀಳಿಸಿಕೊಂಡದ್ದು ನನಗೆ ಇನ್ನೂ ನೆನಪಿದೆ.

ಆದರೆ ಒಂದು ಮಾತು. ಮುತ್ಯಾನ ಹಲ್ಲು ಹೋದದ್ದು ಮುದಿತನದಲ್ಲಿ. ನಮ್ಮ ಜೊತೆ ಆಡುತ್ತಿದ್ದ ಹುಡುಗ ಹುಡುಗಿಯರಲ್ಲಿ ಹಲ್ಲುನೋವೆಂದು ರಾತ್ರಿಯಿಡೀ ಅತ್ತವರು ನನಗೆ ನೆನಪಿಲ್ಲ. ಬೂದಿ, ಕಡ್ಡಿಗಳ ಮಹಿಮೆಯೇ ಅದು ಎಂದು ಬಹಳ ವರ್ಷ ನಾನು ತಿಳಿದಿದ್ದೆ. ಪೂರ್ತಿ ನಿಜವಲ್ಲ. ನಿಜವಾದ ಕಾರಣ ನಮ್ಮ ಸಂತೆ!

ವಾರಕ್ಕೊಮ್ಮೆ ಸಂತೆಗೆ ಹೋದ ಅಪ್ಪ ಧೋತರದ ಚುಂಗಿನಲ್ಲಿ ಒಂದು ಪುಡಿಕೆ ಕಟ್ಟಿಕೊಂಡು ಬರುತ್ತಿದ್ದರು. ಅದರಲ್ಲಿ ಬೆಂಡು, ಬತ್ತಾಸು, ಒಮ್ಮೊಮ್ಮೆ ಜಿಲೇಬಿ. ಐದು ಮಕ್ಕಳು ಹಂಚಿಕೊಂಡರೆ ಅರ್ಧ ತಾಸಿನಲ್ಲಿ ಮುಗಿಯಿತು. ಮತ್ತೆ ಸಿಹಿಯ ಮುಖ ನೋಡಬೇಕಾದರೆ ಮುಂದಿನ ಸಂತೆಯೇ ಆಗಬೇಕು, ಇಲ್ಲವೇ ಹಬ್ಬದ ಹೋಳಿಗೆ. ಉಳಿದ ದಿನ ಜೋಳದ ರೊಟ್ಟಿ, ಪುಂಡಿಪಲ್ಲೆ, ಬೇಳೆ, ಶೇಂಗಾ ಹಿಂಡಿ. ಹಸಿವಾದರೆ ಕಡಲೆ, ಚುರುಮುರಿ.

ಇದರ ಅರ್ಥ ನನಗೆ ಹೊಳೆದದ್ದು ಸ್ವೀಡನ್ ದೇಶದ ಒಂದು ಸಂಗತಿಯನ್ನು ಓದಿದಾಗ. ಅಲ್ಲಿನ ಲುಂಡ್ ಎಂಬ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಕೆಲ ವರ್ಷ ಒಂದು ಪ್ರಯೋಗ ನಡೆಯಿತು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿ, ಬೇಡವೆನ್ನಲೂ ಬಾರದ ರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಕ್ಕರೆ ತಿನ್ನಿಸಿ ಹಲ್ಲು ಹೇಗೆ ಹುಳುಕಾಗುತ್ತವೆ ಎಂದು ನೋಡಿದರು. ಅಸಹಾಯಕರ ಮೇಲೆ ಮಾಡಿದ ಆ ಅನ್ಯಾಯವನ್ನು ಜಗತ್ತು ಇಂದು ಖಂಡಿಸುತ್ತದೆ. ನನಗೂ ಓದಿ ಸಂಕಟವಾಯಿತು. ಆದರೆ ಅವರ ಹಲ್ಲಿನ ಬೆಲೆ ತೆತ್ತು ತಿಳಿದುಬಂದ ಸತ್ಯ ಇದು: ಎಷ್ಟು ಸಕ್ಕರೆ ತಿಂದರು ಎಂಬುದಕ್ಕಿಂತ ಎಷ್ಟು ಸಲ ತಿಂದರು ಎಂಬುದು ಮುಖ್ಯ. ಊಟದ ಜೊತೆ ತಿಂದ ಸಿಹಿ ಅಷ್ಟು ಕೆಡಿಸಲಿಲ್ಲ. ಊಟಗಳ ನಡುವೆ ಮೇಲಿಂದ ಮೇಲೆ ತಿಂದ, ಹಲ್ಲಿಗೆ ಅಂಟುವ ಟಾಫಿ ಹಲ್ಲುಗಳನ್ನು ತಿಂದುಹಾಕಿತು. ಆಮೇಲೆ ಸ್ವೀಡನ್ನಿನ ತಾಯಂದಿರಿಗೆ ಮಕ್ಕಳಿಗೆ ವಾರಕ್ಕೊಂದೇ ದಿನ, ಶನಿವಾರ ಸಿಹಿ ಕೊಡಿರೆಂದು ಹೇಳಲಾಯಿತು. ಅಲ್ಲಿ ಇಂದಿಗೂ ಶನಿವಾರದ ಮಿಠಾಯಿ ಎಂಬ ರೂಢಿಯಿದೆ. ಅವರ ಶನಿವಾರವೇ ನಮ್ಮ ಸಂತೆಯ ದಿನ! ನಮ್ಮ ಅಪ್ಪಂದಿರ ಬಡತನ ನಮ್ಮ ಹಲ್ಲನ್ನು ಕಾಪಾಡಿತ್ತು.

ಇದರ ಹಿಂದಿನ ವಿಜ್ಞಾನ ಕಷ್ಟದ್ದೇನಲ್ಲ. ನಮ್ಮೆಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಸಕ್ಕರೆ ಸಿಕ್ಕ ಕೂಡಲೇ ಅವು ಅದನ್ನು ಹುಳಿಯಾಗಿ ಮಾಡುತ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಕವಚವನ್ನು ಕರಗಿಸುತ್ತದೆ. ಅರ್ಧ ತಾಸು, ಮುಕ್ಕಾಲು ತಾಸಿನಲ್ಲಿ ಜೊಲ್ಲು ಬಂದು ಹುಳಿಯನ್ನು ತೊಳೆದು, ಕರಗಿದ್ದನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಕೊಡುತ್ತದೆ. ವಾರಕ್ಕೊಮ್ಮೆ ತಿಂದರೆ ಜೊಲ್ಲು ಗೆಲ್ಲುತ್ತದೆ. ತಾಸಿಗೊಮ್ಮೆ ತಿಂದರೆ ಹುಳಿ ಗೆಲ್ಲುತ್ತದೆ.

ಹಾಗೆಂದು ಹಿಂದಿನದೆಲ್ಲಾ ಒಳ್ಳೆಯದಿತ್ತೆಂದು ನಾನು ಹೇಳಲಾರೆ. ನಮಗೆ ಕಡ್ಡಿ ಕೊಟ್ಟ ಆಯಿ ತಾನು ಮಾತ್ರ ಮಶೇರಿ ತಿಕ್ಕುತ್ತಿದ್ದಳು. ತಂಬಾಕನ್ನು ಹೆಂಚಿನ ಮೇಲೆ ಕರಿಕಾಗುವಂತೆ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಟ್ಟು, ದಿನಕ್ಕೆ ಮೂರು ನಾಲ್ಕು ಸಲ ವಸಡಿಗೆ ತಿಕ್ಕಿಕೊಂಡು ಸುಮ್ಮನೆ ಕೂಡುವುದು ನಮ್ಮ ಕಡೆಯ ಹೆಂಗಸರಿಗೆ ಒಂದು ಬಿಡುವು, ಒಂದು ಚಟ. ಹಲ್ಲು ಗಟ್ಟಿಯಾಗುತ್ತವೆಂದು ಹೆಸರು ಬೇರೆ. ಐವತ್ತು ತುಂಬುವುದರೊಳಗೆ ಆಯಿಯ ವಸಡು ಸೋತು ಬಾಯಿ ಬೊಚ್ಚಾಯಿತು. ಭಾರತ ಸರ್ಕಾರ 1992ರಲ್ಲಿ ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸಬಾರದೆಂದು ನಿಷೇಧಿಸಿತು. ಆದರೆ ಮನೆಯ ಹೆಂಚಿನ ಮೇಲೆ ಹುರಿಯುವುದನ್ನು ಯಾವ ಸರ್ಕಾರ ತಡೆದೀತು? ನಿಮ್ಮ ಮನೆಯಲ್ಲಿ ಆ ಡಬ್ಬಿ ಇನ್ನೂ ಇದ್ದರೆ, ಅದನ್ನು ಕೂಸುಗಳು ನೋಡುತ್ತಿರುತ್ತವೆ ಎಂಬುದಷ್ಟನ್ನು ನೆನಪಿಡಿ.

ಎರಡನೆಯ ಊರು ಜೇವರ್ಗಿ. ಬಿ.ಎಡ್. ಮುಗಿಸಿ ನೌಕರಿ ಸಿಕ್ಕ ಹೊಸತು. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸು ಭೀಮೆಯನ್ನು ದಾಟುವಾಗಲೆಲ್ಲ ದೊಡ್ಡ ಟೀಚರಾದೆನೆಂದು ನನಗೆ ಒಳಗೊಳಗೇ ಜಂಬ. ದಿನಾ ಪ್ರಾರ್ಥನೆಯಾದ ಮೇಲೆ ಮಕ್ಕಳ ಉಗುರು, ತಲೆ, ಹಲ್ಲು ನೋಡುವುದು ನನ್ನ ಪಾಲಿನ ಕೆಲಸ.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸುರಪುರದ ಕಡೆಯವಳು. ತಾಯಿಯ ತವರಾದ ನಮ್ಮ ಊರಿನಲ್ಲಿ ಆಯಿಯ ಮನೆಯಲ್ಲಿದ್ದು ಓದುತ್ತಿದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಆದರೆ ಅವಳ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟಿ, ನಡುವೆ ಕಂದು ಕಲೆ. ಒಂದು ದಿನ ಎಲ್ಲರೆದುರು ಅವಳನ್ನು ನಿಲ್ಲಿಸಿ, "ಏನ ಹುಡುಗಿ, ಹಲ್ಲ ತಿಕ್ಕೋದೇ ಇಲ್ಲೇನು? ನೋಡ್ರಿ ಎಲ್ಲಾರೂ, ಹಿಂಗ ಇರಬಾರದು" ಎಂದುಬಿಟ್ಟೆ. ಮಕ್ಕಳು ನಕ್ಕರು. ಮಾರನೆಯ ದಿನ ಅವಳು ಇಟ್ಟಂಗಿಯ ಪುಡಿಯಿಂದ ತಿಕ್ಕಿ ತಿಕ್ಕಿ ವಸಡಿನಲ್ಲಿ ರಕ್ತ ಬರಿಸಿಕೊಂಡು ಬಂದಿದ್ದಳು. ಕಲೆ ಹೋಗಿರಲಿಲ್ಲ. ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ಮಾತಾಡಿದ್ದನ್ನು ನಾನು ಕಾಣಲಿಲ್ಲ.

ಕೆಲವು ತಿಂಗಳಾದ ಮೇಲೆ ಶಾಲೆಯಲ್ಲಿ ದಂತ ತಪಾಸಣೆಯ ಶಿಬಿರವಾಯಿತು. ಬಂದ ಡಾಕ್ಟರು ಆಕೆಯ ಬಾಯಿ ನೋಡಿ, "ಟೀಚರ್, ಇದು ಹೊಲಸಲ್ಲ. ನೀರಿನ ಫ್ಲೋರೈಡಿನಿಂದ ಆದದ್ದು. ಹಲ್ಲು ವಸಡಿನೊಳಗೆ ತಯಾರಾಗುವಾಗಲೇ ಬಿದ್ದ ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನೋಡಿ, ಈಕೆಯ ಹಲ್ಲಿನಲ್ಲಿ ಒಂದೂ ಹುಳುಕಿಲ್ಲ" ಎಂದರು. ನನ್ನ ಮೈಮೇಲೆ ತಣ್ಣೀರು ಸುರಿದಂತಾಯಿತು.

ಆಮೇಲೆ ಓದಿದಾಗ ತಿಳಿಯಿತು, ಈ ತಪ್ಪು ಮಾಡಿದವಳು ನಾನೊಬ್ಬಳೇ ಅಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯ ಬಂದಾಗ, ಅಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳ ಹಲ್ಲು ಕಂದುಬಣ್ಣ. ಊರವರು ಹಂದಿಮಾಂಸದಿಂದ ಹೀಗಾಯಿತು, ಕೆಟ್ಟ ಹಾಲಿನಿಂದ ಹೀಗಾಯಿತು ಎನ್ನುತ್ತಿದ್ದರು. ಮೆಕೇ ಮೂವತ್ತು ವರ್ಷ ಬೆನ್ನು ಹತ್ತಿದರು. ಕಲೆಯಿದ್ದ ಹಲ್ಲುಗಳು ಹುಳುಕಿಗೆ ಸುಲಭವಾಗಿ ಜಗ್ಗುವುದಿಲ್ಲ ಎಂಬುದೂ ಅವರ ಕಣ್ಣಿಗೆ ಬಿತ್ತು. ಕೊನೆಗೆ 1931ರಲ್ಲಿ ಎಚ್.ವಿ. ಚರ್ಚಿಲ್ ಎಂಬ ರಸಾಯನ ಶಾಸ್ತ್ರಜ್ಞರು ಅಂಥದೇ ಇನ್ನೊಂದು ಊರಿನ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಕಂಡುಹಿಡಿದರು. ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯರು ಊರೂರಿನ ನೀರು, ಮಕ್ಕಳ ಹಲ್ಲು ನೋಡಿ ಲೆಕ್ಕ ಹಾಕಿದರು. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇದ್ದರೆ ಹಲ್ಲಿಗೆ ಕವಚ. ಅದನ್ನು ಮೀರಿ ಹೋದಂತೆ ಕಲೆ. ಇನ್ನೂ ಹೆಚ್ಚಾದರೆ ಎಲುಬಿಗೇ ಕೇಡು. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ನಗರ ಕುಡಿಯುವ ನೀರಿಗೆ ಅಳತೆಯಂತೆ ಫ್ಲೋರೈಡ್ ಬೆರೆಸಿತು. ಆಮೇಲೆ ಹುಟ್ಟಿದ ಅಲ್ಲಿನ ಮಕ್ಕಳಲ್ಲಿ ಹುಳುಕು ಅರ್ಧಕ್ಕಿಂತ ಹೆಚ್ಚು ಇಳಿಯಿತು. ನಮ್ಮ ಪೇಸ್ಟಿನ ಟ್ಯೂಬಿನ ಮೇಲೆ ಫ್ಲೋರೈಡ್ ಎಂದು ಬರೆದಿರುವುದರ ಮೂಲ ಇದು.

ನಮ್ಮ ದೇಶದಲ್ಲಿ ಈ ರೋಗದ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಅಲ್ಲಿ ಹಲ್ಲಿಗಷ್ಟೇ ಅಲ್ಲ, ಬೆನ್ನೆಲುಬಿಗೂ ಬಾಧೆಯಾಗಿತ್ತು. ಆಳಂದ, ಅಫಜಲಪುರಗಳದು ಹೆಚ್ಚಾಗಿ ಕರಿಮಣ್ಣಿನ ನೆಲ. ಜೇವರ್ಗಿ ದಾಟಿ ಶಹಾಪುರ, ಸುರಪುರದತ್ತ ಹೋದರೆ ಬಂಡೆಗಲ್ಲಿನ ಗುಡ್ಡಗಳು ಶುರುವಾಗುತ್ತವೆ. ಅಂಥ ಕಲ್ಲಿನ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಹಿಂದೆ ನಮ್ಮ ಕಡೆ ಮೆಟ್ಟಿಲ ಬಾವಿಗೆ ಇಳಿದು ನೀರು ತರುತ್ತಿದ್ದ ಕಾಲದಲ್ಲಿ ನಾರುಹುಣ್ಣಿನ ಕಾಟ. ಆ ಕಾಟ ತಪ್ಪಿಸಲು ಬೋರಿಂಗುಗಳು ಬಂದವು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದು ದೊಡ್ಡ ಗೆಲುವು. ಆದರೆ ಆಳದ ನೀರಿನ ಜೊತೆ ಕೆಲವು ಊರುಗಳಿಗೆ ಫ್ಲೋರೈಡೂ ಮೇಲೆ ಬಂತು. ಆದ್ದರಿಂದ ಮಕ್ಕಳ ಹಲ್ಲಿನಲ್ಲಿ ಬಿಳಿ ಪಟ್ಟಿ, ಕಂದು ಕಲೆ ಕಂಡರೆ ಬೈಯಬೇಡಿ. ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. ಕಾಯಂ ಹಲ್ಲುಗಳು ವಸಡಿನೊಳಗೆ ತಯಾರಾಗುವುದು ಸುಮಾರು ಎಂಟು ವರ್ಷದೊಳಗೆ. ಆ ವಯಸ್ಸಿನ ಕೂಸು ಕುಡಿಯುವ ನೀರಿನ ಮೇಲೆ ಅದರ ಜನ್ಮದ ನಗು ನಿಂತಿದೆ.

ಆ ಹುಡುಗಿ ವರ್ಷ ಮುಗಿದ ಮೇಲೆ ಊರಿಗೆ ಹೋದಳು. ಶಿಬಿರದ ದಿನವೇ ಅವಳನ್ನು ಕರೆದು, "ತಪ್ಪು ನಂದು, ಅವ್ವಾ" ಎನ್ನಬಹುದಿತ್ತು. ಟೀಚರೆಂಬ ಬಿಂಕ ಅಡ್ಡ ಬಂತು. ಈಗ ಅವಳು ನಲವತ್ತರ ಗೃಹಿಣಿಯಾಗಿರಬೇಕು. ನಗುವಾಗ ಇನ್ನೂ ಬಾಯಿಗೆ ಕೈ ಹಿಡಿಯುತ್ತಾಳೋ ಏನೋ.

ಇನ್ನು ಮೂರನೆಯ ಊರು, ಆಳಂದ. ಇಲ್ಲಿಗೆ ವರ್ಗವಾಗಿ ಬಂದಾಗ ಮಗಳಿಗೆ ಐದು ವರ್ಷ. ಕಾಲ ಬದಲಾಗಿತ್ತು. ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದಂತೆ ಪುಡಾಗಳು ತೂಗುತ್ತಿದ್ದವು. ನಾಲ್ಕಾಣೆಗೆ ಚಾಕಲೇಟು. ಬೆಳಿಗ್ಗೆ ಸಕ್ಕರೆ ಸುರಿದ ಚಹಾದಲ್ಲಿ ಅದ್ದಿದ ಟೋಸ್ಟು, ಶಾಲೆಗೆ ಹೋಗುವಾಗ ಒಂದು ರೂಪಾಯಿ, ಸಂಜೆ ಅತ್ತರೆ ಬಿಸ್ಕಿಟು. ಸಂತೆ ದಿನಾ ಮನೆಬಾಗಿಲಿಗೆ ಬಂದಿತ್ತು. ನಾನೂ ನೌಕರಿಯ ಧಾವಂತದಲ್ಲಿ ಅತ್ತ ಮಗಳ ಬಾಯಿಗೆ ಚಾಕಲೇಟು ತುರುಕಿ ಓಡುತ್ತಿದ್ದವಳೇ. ಹಲ್ಲು ತಾನೇ ತಿಕ್ಕಿಕೊಳ್ಳುತ್ತಾಳೆಂದು ಹೆಮ್ಮೆ ಬೇರೆ.

2002ರಲ್ಲಿ, ಅವಳಿಗೆ ಏಳು ವರ್ಷವಿದ್ದಾಗ, "ಅವ್ವಾ, ಹಿಂದಿನ ಹಲ್ಲಿನ್ಯಾಗ ಏನೋ ಸಿಕ್ಕೊಳ್ಳತದ" ಎಂದಳು. ನೋಡಿದೆ. ಕೆಳಗಿನ ದವಡೆಯ ಕಡೆಯ ಹಲ್ಲಿನ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ನಮ್ಮ ಆಯಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದ ಮಾತು ನನ್ನ ಬಾಯಿಂದ ತಾನಾಗಿ ಬಂತು: "ಬೀಳೋ ಹಲ್ಲದು, ಅದಕ್ಯಾಕ ಚಿಂತಿ?"

ಅದು ಬೀಳುವ ಹಲ್ಲಾಗಿರಲಿಲ್ಲ.

ಓದುತ್ತಿರುವ ತಾಯಂದಿರೇ, ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಕೂಸಿಗೆ ಹಾಲಹಲ್ಲು ಇಪ್ಪತ್ತು. ಆರು ವರ್ಷದ ಹೊತ್ತಿಗೆ, ಆ ಇಪ್ಪತ್ತೂ ಮುಗಿದ ಮೇಲೆ, ಅವುಗಳ ಹಿಂದೆ ಖಾಲಿ ಇರುವ ಜಾಗದಲ್ಲಿ, ಮೇಲೆರಡು ಕೆಳಗೆರಡು ದೊಡ್ಡ ದವಡೆ ಹಲ್ಲು ಮೂಡುತ್ತವೆ. ಅವು ಬರಲು ಯಾವ ಹಲ್ಲೂ ಬೀಳಬೇಕಿಲ್ಲ. ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾವೆಲ್ಲ ಮುಂದೆ ಬಿದ್ದ ಹಲ್ಲನ್ನು ಮಾಳಿಗೆಗೆ ಎಸೆದು ಸಂಭ್ರಮಿಸುವಾಗ, ಹಿಂದೆ ಕತ್ತಲಲ್ಲಿ ಜನ್ಮವಿಡೀ ಅರೆಯಬೇಕಾದ ಹಲ್ಲು ಸದ್ದಿಲ್ಲದೆ ಬಂದು ಕೂತಿರುತ್ತದೆ. ಅದರ ಮೇಲ್ಮೈ ಬೀಸುವ ಕಲ್ಲಿನಂತೆ, ಸಣ್ಣ ಸಣ್ಣ ಸಂದುಗಳಿಂದ ಕೂಡಿದ್ದು. ಅಲ್ಲಿ ಅಂಟಿದ ಬಿಸ್ಕಿಟು ಕೂಸಿನ ಎಳೆಗೈಯ ಬ್ರಷ್ಷಿಗೆ ಸಿಗುವುದಿಲ್ಲ.

ಚುಕ್ಕೆ ಕುಳಿಯಾಯಿತು. ಕುಳಿ ಒಳಗೊಳಗೇ ಇಳಿಯಿತು. ಎರಡು ವರ್ಷದ ಮೇಲೆ, ಪರೀಕ್ಷೆಯ ಹಿಂದಿನ ರಾತ್ರಿ, ಮಗಳ ಗಲ್ಲ ಬಾತು ಕಣ್ಣು ಮುಚ್ಚಿಹೋಯಿತು. ಕಲಬುರಗಿಗೆ ಓಡಿದೆವು. ಡಾಕ್ಟರು ಹಲ್ಲು ತೆಗೆಯದೆ ಬೇರೆ ದಾರಿಯಿಲ್ಲ ಎಂದರು. "ಇದು ಕಾಯಂ ಹಲ್ಲು. ಮತ್ತೆ ಬರೋದಿಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ ಹತ್ತು ನಿಮಿಷದಲ್ಲಿ ತುಂಬಿ ಕಳಿಸ್ತಿದ್ದೆವು" ಎಂದರು. ಒಂಬತ್ತು ವರ್ಷದ ಮಗಳು ನನ್ನನ್ನು ನೋಡಿ, "ನೀನು ಬೀಳೋ ಹಲ್ಲಂದಿದ್ದಿ" ಎಂದಳು. ಅಷ್ಟೇ. ಮತ್ತೆ ಯಾವತ್ತೂ ಅವಳು ಆ ಮಾತು ಎತ್ತಲಿಲ್ಲ. ದಸರೆಯಲ್ಲಿ ಅವಳು ನನ್ನ ಮುಖ ನೋಡಿದ್ದು ಇದಕ್ಕೆ.

ಜೇವರ್ಗಿಯಲ್ಲಿ ದೋಷವಿಲ್ಲದ ಕಡೆ ದೋಷ ಕಂಡೆ. ಆಳಂದದಲ್ಲಿ ದೋಷವಿದ್ದಲ್ಲಿ ಕಣ್ಣು ಮುಚ್ಚಿಕೊಂಡೆ. ಬಿ.ಎ., ಬಿ.ಎಡ್. ಓದಿದವಳಿಗೇ ಹೀಗಾದರೆ ಉಳಿದವರ ಗತಿಯೇನು?

ಹಾಲಹಲ್ಲಿಗೂ ಬೆಲೆಯಿದೆ ಎಂಬುದನ್ನು ಆಮೇಲೆ ತಿಳಿದೆ. ದವಡೆಯ ಹಾಲಹಲ್ಲುಗಳು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಕೂಸು ರೊಟ್ಟಿ ಅಗಿಯಬೇಕಾದದ್ದು ಅವುಗಳಿಂದಲೇ. ಕೆಳಗೆ ಬರುವ ಕಾಯಂ ಹಲ್ಲಿಗೆ ಅವು ಜಾಗ ಹಿಡಿದು ಕೂತಿರುತ್ತವೆ. ಅವಧಿಗೆ ಮುಂಚೆ ಹೋದರೆ ಪಕ್ಕದ ಹಲ್ಲು ಸರಿದು, ಹೊಸದು ಸೊಟ್ಟಗೆ ಬರುತ್ತದೆ. ಹಲ್ಲುನೋವಿನ ಕೂಸು ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಪಾಠ ಕೇಳುವುದಿಲ್ಲ. ತರಗತಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ ಎಷ್ಟು ಮಕ್ಕಳನ್ನು ನಾನು ದಡ್ಡರೆಂದುಕೊಂಡಿದ್ದೆನೋ!

ಮಾಡಬೇಕಾದದ್ದು ಬೆಟ್ಟದಷ್ಟಿಲ್ಲ. ಮೊದಲ ಹಲ್ಲು ಮೂಡಿದಾಗಿನಿಂದಲೇ ದಿನಕ್ಕೆರಡು ಸಲ ಉಜ್ಜಬೇಕು. ಎರಡರಲ್ಲಿ ರಾತ್ರಿ ಮಲಗುವ ಮುಂಚಿನದು ಹೆಚ್ಚು ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ಕಾವಲಿರುವುದಿಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದು. ಮೂರು ವರ್ಷದೊಳಗಿನ ಕೂಸಿಗೆ ಫ್ಲೋರೈಡ್ ಪೇಸ್ಟು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಡಾಕ್ಟರನ್ನು ಕೇಳಿಯೇ ಪೇಸ್ಟು ಆರಿಸಬೇಕು. ಏಳೆಂಟು ವರ್ಷದವರೆಗೆ ಕೂಸಿನ ಹಲ್ಲನ್ನು ತಾಯಿಯೋ ತಂದೆಯೋ ಉಜ್ಜಬೇಕು. ಸಿಹಿಯನ್ನು ಊಟದ ಜೊತೆಗೇ ಕೊಟ್ಟು ಮುಗಿಸಿ, ನಡುನಡುವೆ ಕೊಡಬೇಡಿ. ಆರು ತುಂಬಿದಾಗ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹೊಸ ದವಡೆ ಹಲ್ಲಿನ ಸಂದುಗಳನ್ನು ಹುಳುಕು ಹಿಡಿಯುವ ಮುಂಚೆಯೇ ಒಂದು ಲೇಪದಿಂದ ಮುಚ್ಚುತ್ತಾರೆ. ಕೊರೆಯುವುದಿಲ್ಲ, ಸೂಜಿಯಿಲ್ಲ, ನೋವಿಲ್ಲ.

2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳ ತಂಡ ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ. ಅವರ ಪಟ್ಟಿಯಲ್ಲಿ ಹಲ್ಲೂ ಇದೆ. ಅವರು ಬರೆದುಕ���ಟ್ಟ ಚೀಟಿ ಎಷ್ಟೋ ಮನೆಗಳಲ್ಲಿ ಪಾಟೀಚೀಲದ ತಳದಲ್ಲೇ ಹರಿದುಹೋಗುತ್ತದೆ. ದಯಮಾಡಿ ಚೀಲ ತೆಗೆದು ನೋಡಿ. ನಮ್ಮ ಶಾಲೆಯಲ್ಲಿ ಕ್ಷೀರಭಾಗ್ಯದ ಸಿಹಿ ಹಾಲು ಕುಡಿದ ಮೇಲೆ ಪ್ರತಿ ಮಗುವೂ ಎರಡು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸಬೇಕೆಂದು ನಿಯಮ ಮಾಡಿದ್ದೇನೆ. ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂದು ನಮ್ಮ ಗಾದೆ. 2014-15ರ ಸುಮಾರಿಗೆ ನಮ್ಮ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ಮುದುಕರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕಟ್ಟಿಸಿಕೊಡಲು ಪ್ರಾರಂಭಿಸಿತು. ಒಳ್ಳೆಯ ಕೆಲಸ. ನಮ್ಮ ಅವ್ವನ ಓರಗೆಯ ಎಷ್ಟೋ ಜನ ಸೆಟ್ಟು ಹಾಕಿಕೊಂಡೇ ರೊಟ್ಟಿ ಉಣ್ಣುತ್ತಾರೆ. ಆದರೆ ದೇವರು ಕಟ್ಟಿಕೊಟ್ಟ ಸೆಟ್ಟನ್ನು ಆರನೆಯ ವರ್ಷದಲ್ಲೇ ಉಳಿಸಿಕೊಳ್ಳುವುದು ತಾಯಿಯ ಕೈಯಲ್ಲಿದೆ.

ಅಂದು ದಸರೆಯ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬ್ಯಾಟರಿ ಬಿಟ್ಟು ಬಾಯಿ ನೋಡಿದೆ. ಮಗಳೂ ಬಗ್ಗಿದಳು. ಕೆಳಗಿನ ದವಡೆಯ ತುದಿಯಲ್ಲಿ, ವಸಡನ್ನು ಸೀಳಿಕೊಂಡು, ಅಕ್ಕಿಯಷ್ಟು ಬಿಳಿ ಮೊನೆ ಕಾಣುತ್ತಿತ್ತು.

"ಆಯಿ, ಏನ್ ಕಾಣ್ಲತದ?" ಎಂದಿತು ಕೂಸು, ಬಾಯಿ ತೆರೆದುಕೊಂಡೇ.

"ಹೊಸ ಹಲ್ಲವ್ವ. ನಿನ್ನ ಮದುವಿ ಊಟ, ನಿನ್ನ ಮೊಮ್ಮಕ್ಕಳ ಮದುವಿ ಊಟ, ಎಲ್ಲಾ ಇದರಿಂದೇ ಉಣ್ಣೋದದ" ಎಂದೆ.

ಮಗಳು ಏನೂ ಮಾತಾಡಲಿಲ್ಲ. ಎದ್ದುಹೋಗಿ ಕೂಸಿನ ಬ್ರಷ್ಷು ತಂದು ನನ್ನ ಕೈಗೆ ಕೊಟ್ಟಳು.